ಬೆಳಗಾವಿ ಪೇಟೆಯೊಳಗೆ ಬಾಡಿಗೆ ಮನೆ: ಏನು ನೋಡಬೇಕು, ಏನು ಕೇಳಬೇಕು

ಬ್ಯಾಂಕಿಗೆ, ಕೋರ್ಟಿಗೆ, ಜಿಲ್ಲಾಧಿಕಾರಿ ಕಚೇರಿಗೆ ವರ್ಗವಾಗಿ ಬೆಳಗಾವಿಗೆ ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ. "ಪೇಟೆಯೊಳಗೇ ಮನೆ ಮಾಡಬಹುದಾ? ಇಲ್ಲಾ ಟಿಳಕವಾಡಿ, ಸದಾಶಿವ ನಗರದ ಕಡೆ ಹೋಗೋದೇ ಒಳ್ಳೆಯದಾ?" ಬಟ್ಟೆ ಅಂಗಡಿ, ಸರಾಫ ಅಂಗಡಿಗಳಲ್ಲಿ ಕೆಲಸ ಸಿಕ್ಕಿದ ಹುಡುಗ ಹುಡುಗಿಯರೂ ಇದನ್ನೇ ಕೇಳುತ್ತಾರೆ.

ಮಾಡಬಹುದು. ಆದರೆ ಬಡಾವಣೆಯ ಮನೆ ನೋಡಿದ ಹಾಗೆ ಪೇಟೆಯ ಮನೆ ನೋಡಬೇಡಿ. ಬಡಾವಣೆಯಲ್ಲಿ ಖೋಲಿ ಎಷ್ಟು, ಅಡುಗೆಮನೆ ಎಷ್ಟು ದೊಡ್ಡದು ಅಂತ ಶುರು ಮಾಡುತ್ತೇವೆ. ಪೇಟೆಯಲ್ಲಿ ಮೊದಲು ಗಲ್ಲಿ, ಆಮೇಲೆ ಕೆಳಗಿನ ಅಂಗಡಿ, ಆಮೇಲೆ ವಿದ್ಯುತ್ ಮೀಟರ್ ಮತ್ತು ನಳ. ಖೋಲಿಗಳ ಲೆಕ್ಕ ಕೊನೆಗೆ. ಈ ಅನುಕ್ರಮ ತಪ್ಪಿಸಿದವರೇ ಎರಡು ತಿಂಗಳಿಗೆ ಮತ್ತೆ ಮನೆ ಹುಡುಕುತ್ತಾ ಓಡಾಡುವುದು.

ಇಲ್ಲಿ ಪೇಟೆ ಅಂದರೆ ಖಡೇ ಬಜಾರ್, ಗಣಪತಿ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿ, ಕಿರ್ಲೋಸ್ಕರ್ ರಸ್ತೆ, ಸಮಾದೇವಿ ಗಲ್ಲಿ, ರವಿವಾರ ಪೇಟೆ ಮತ್ತು ಇವುಗಳ ಸುತ್ತಲಿನ ಸಣ್ಣ ಗಲ್ಲಿಗಳು. ಪಕ್ಕದ ಕ್ಯಾಂಪ್ ಬೇರೆ ಲೆಕ್ಕ. ಅದು ಬಹಳ ಹಿಂದಿನಿಂದಲೂ ದಂಡು ಮಂಡಳಿಯ, ಅಂದರೆ ಕಂಟೋನ್ಮೆಂಟ್ ಬೋರ್ಡಿನ ಪ್ರದೇಶ. ನೀರು, ಕಸ, ಕರದ ವಿಷಯದಲ್ಲಿ ನಾನು ಕೆಳಗೆ ಹೇಳುವ ಪಾಲಿಕೆಯ ಮಾತು ಅಲ್ಲಿಗೆ ಹೊಂದುವುದಿಲ್ಲ.

1. ಮೊದಲು ನಿಮ್ಮ ದಿನಚರಿ ನೋಡಿಕೊಳ್ಳಿ

ಕಾರು ಇದೆಯಾ? ಹಾಗಾದರೆ ಪೇಟೆ ಬೇಡ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ಹಳೆಯ ಗಲ್ಲಿಗಳು ಕಾರಿನ ಕಾಲಕ್ಕೆ ಕಟ್ಟಿದವಲ್ಲ. ಮನೆ ಮುಂದೆ ಜಾಗ ಇರುವುದಿಲ್ಲ. ಇದ್ದರೂ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಗಿರಾಕಿಗಳ ಬೈಕು, ಕೈಗಾಡಿ ನಿಂತಿರುತ್ತವೆ. ಒಂದು ಬೈಕು ಅಥವಾ ಸ್ಕೂಟರ್ ಆದರೆ ಹೇಗೋ ನಡೆಯುತ್ತದೆ. ರಾತ್ರಿ ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಮೊದಲೇ ಕೇಳಿ. ಎಷ್ಟೋ ಮನೆಗಳಲ್ಲಿ ಸ್ಕೂಟರನ್ನು ಬಾಗಿಲೊಳಗಿನ ಕಿರಿದಾದ ಹಾದಿಗೇ ಏರಿಸಿಕೊಳ್ಳುತ್ತಾರೆ.

ಕೆಲಸ ಚನ್ನಮ್ಮ ವೃತ್ತದ ಸುತ್ತಲಿನ ಕಚೇರಿಗಳಲ್ಲೋ, ಪೇಟೆಯ ಬ್ಯಾಂಕು, ಸೊಸೈಟಿಗಳಲ್ಲೋ ಇದ್ದರೆ ಪೇಟೆಯ ಮನೆ ಚಿನ್ನದಂಥದ್ದು. ನಡೆದೇ ಹೋಗಬಹುದು, ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಟಿಳಕವಾಡಿಯಿಂದ ಬರುವವರು ರೈಲ್ವೆ ಗೇಟಿನ ಮುಂದೆ ನಿಂತು ಗಡಿಯಾರ ನೋಡುವ ಹೊತ್ತಿಗೆ ನೀವು ಚಹಾ ಮುಗಿಸಿರುತ್ತೀರಿ. ಕೆಲಸ ಸುವರ್ಣ ವಿಧಾನಸೌಧದ ಕಡೆಗೋ, ಉದ್ಯಮಬಾಗ್ ಕಡೆಗೋ ಇದ್ದರೆ ಪೇಟೆಯ ಗದ್ದಲವನ್ನು ಸುಮ್ನೆ ಮೈಮೇಲೆ ಎಳೆದುಕೊಂಡ ಹಾಗೆ.

ಮನೆಯಲ್ಲಿ ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಎರಡು ಸಲ ಯೋಚಿಸಿ. ಪೇಟೆಯ ಬಾಡಿಗೆ ಮನೆ ಅಂದರೆ ಬಹುಪಾಲು ಅಂಗಡಿಯ ಮೇಲಿನ ಮಹಡಿ. ಹಳೆಯ ಕಟ್ಟಡಗಳ ಮೆಟ್ಟಿಲು ಕಡಿದಾಗಿರುತ್ತದೆ, ಕತ್ತಲೆಯೂ ಜಾಸ್ತಿ.

2. ಗಲ್ಲಿಯನ್ನು ಮೂರು ಹೊತ್ತಲ್ಲಿ ನೋಡಿ

ಏಜೆಂಟರು ನಿಮ್ಮನ್ನು ಕರೆದುಕೊಂಡು ಹೋಗುವುದು ಮಧ್ಯಾಹ್ನ. ಆಗ ಎಲ್ಲ ಗಲ್ಲಿಗಳೂ ಒಂದೇ ಥರ ಕಾಣುತ್ತವೆ. ನೀವು ಮನೆಯಲ್ಲಿರುವುದು ಬೆಳಿಗ್ಗೆ ಮತ್ತು ರಾತ್ರಿ. ಹಾಗಾಗಿ ನೀವೇ ಬೇರೆಯಾಗಿ ಹೋಗಿ ಬನ್ನಿ.

ಬೆಳಿಗ್ಗೆ ಬೇಗ ಹೋದರೆ ಸರಕು ಇಳಿಸುವುದು ಕಾಣುತ್ತದೆ. ರವಿವಾರ ಪೇಟೆ ಕಿರಾಣಿ, ಕಾಳುಕಡಿಯ ಸಗಟು ಪೇಟೆ. ಅಲ್ಲಿ ಲಾರಿ, ಟೆಂಪೋ, ಹಮಾಲರ ಕೂಗು ದಿನದ ಭಾಗ. ಅದನ್ನು ಬೈದು ಪ್ರಯೋಜನ ಇಲ್ಲ, ಅವರ ಹೊಟ್ಟೆಪಾಡು ಅದು. ನಿಮಗೆ ಸಹಿಸಲು ಆಗುತ್ತದೋ ಇಲ್ಲವೋ ನೋಡಿಕೊಳ್ಳಿ, ಅಷ್ಟೇ.

ಸಂಜೆ ಆರರಿಂದ ಎಂಟರೊಳಗೆ ಒಮ್ಮೆ ಹೋಗಿ. ಗಣಪತಿ ಗಲ್ಲಿ, ಮಾರುತಿ ಗಲ್ಲಿಯ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಆ ಹೊತ್ತಿಗೆ ನಿಮ್ಮ ಮನೆ ಬಾಗಿಲಿಗೆ ಒಂದು ಆಟೋ ಬರುತ್ತದಾ ಅಂತ ನಿಜವಾಗಿಯೂ ಪರೀಕ್ಷೆ ಮಾಡಿ. ಆಸ್ಪತ್ರೆಗೆ ಹೋಗುವ ತುರ್ತು ಬಂದರೆ ಬೇಕಾಗುವುದು ಇದೇ.

ರಾತ್ರಿ ಹತ್ತರ ಮೇಲೆ ಹೋಗಿ ನೋಡುವುದನ್ನು ಯಾರೂ ಮಾಡುವುದಿಲ್ಲ. ಅದೇ ಎಲ್ಲಕ್ಕಿಂತ ಮುಖ್ಯ. ಅಂಗಡಿಗಳ ಶಟರ್ ಇಳಿದ ಮೇಲೆ ಕೆಲವು ಗಲ್ಲಿ ಪೂರ್ತಿ ಖಾಲಿ. ಕೆಲವು ಗಲ್ಲಿಗಳಲ್ಲಿ ಕಟ್ಟೆಯ ಮೇಲೆ ಅಜ್ಜಂದಿರು, ಹುಡುಗರು ಕೂತು ಮಾತಾಡುತ್ತಿರುತ್ತಾರೆ. ಒಬ್ಬರೇ ಇರುವ ಹೆಣ್ಣುಮಕ್ಕಳಿಗೆ, ರಾತ್ರಿ ತಡವಾಗಿ ಬರುವವರಿಗೆ ಎರಡನೆಯ ಥರದ ಗಲ್ಲಿ ವಾಸಿ. ಜನ ವಾಸ ಇರುವ ಗಲ್ಲಿ ಯಾವುದು, ಬರೀ ಅಂಗಡಿ ಗೋದಾಮುಗಳ ಗಲ್ಲಿ ಯಾವುದು ಅನ್ನುವುದು ಆ ಹೊತ್ತಿಗೆ ತಾನಾಗಿಯೇ ಗೊತ್ತಾಗುತ್ತದೆ. ಬೀದಿ ದೀಪ ಉರಿಯುತ್ತದಾ, ನಾಯಿಗಳ ಹಿಂಡು ಇದೆಯಾ, ಅದನ್ನೂ ನೋಡಿ.

3. ಕೆಳಗಿನ ಅಂಗಡಿ ಯಾವುದು?

ಪುಸ್ತಕ, ಬಟ್ಟೆ, ಕನ್ನಡಕದ ಅಂಗಡಿ ಆದರೆ ತೊಂದರೆ ಇಲ್ಲ. ಕಾಳಿನ ಅಂಗಡಿ ಆದರೆ ಇಲಿ ಬಂದೇ ಬರುತ್ತವೆ. ಹೋಟೆಲು, ಬೇಕರಿ ಆದರೆ ಹೊಗೆ, ಬಿಸಿ, ಜಿರಲೆ. ಪಾತ್ರೆ ಬಡಿಯುವ, ವೆಲ್ಡಿಂಗ್ ಮಾಡುವ ಅಂಗಡಿ ಆದರೆ ಚಿಕ್ಕ ಮಕ್ಕಳಿರುವವರು ಮುಂದೆ ನಡೆಯಿರಿ. ಪೇಂಟ್, ಥಿನ್ನರ್, ಪಟಾಕಿ, ಫೋಮ್ ಹಾಸಿಗೆ ಇಡುವ ಅಂಗಡಿ ಅಥವಾ ಗೋದಾಮು ಕೆಳಗಿದ್ದು, ಮೇಲಿನಿಂದ ಇಳಿಯಲು ಒಂದೇ ಮರದ ಮೆಟ್ಟಿಲು ಇದ್ದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬೇಡ. ಬೆಂಕಿ ಬಿದ್ದರೆ ಇಳಿಯುವ ದಾರಿಯಲ್ಲೇ ಬೆಂಕಿ ಇರುತ್ತದೆ.

4. ಬಾಡಿಗೆಗೆ ಕೊಡುತ್ತಿರುವವರು ನಿಜವಾದ ಮಾಲಕರಾ?

ಹಳೆಯ ಪೇಟೆಯಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಒಂದೇ ಮನೆ ಅಣ್ಣ ತಮ್ಮಂದಿರ ಹೆಸರಿನಲ್ಲಿರುತ್ತದೆ, ಪಾಲು ಆಗಿರುವುದಿಲ್ಲ. ಒಬ್ಬರು ಬಾಡಿಗೆ ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಬಂದು ಖಾಲಿ ಮಾಡಿ ಅನ್ನುತ್ತಾರೆ. ಇನ್ನೂ ಕೆಲವು ಕಡೆ ತಲೆಮಾರುಗಳಿಂದ ಬಾಡಿಗೆಗಿದ್ದವರೇ ಮಾಲಕರ ಹಾಗೆ ನಿಮಗೆ ಒಳಬಾಡಿಗೆಗೆ ಕೊಡುತ್ತಾರೆ. ಬಾಡಿಗೆದಾರರೇ ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವುದಕ್ಕೆ ಒಳಬಾಡಿಗೆ ಅನ್ನುತ್ತಾರೆ. ಮೂಲ ಮಾಲಕರ ಒಪ್ಪಿಗೆ ಇಲ್ಲದಿದ್ದರೆ ನಿಮ್ಮ ಡಿಪಾಜಿಟ್ಟಿಗೆ ಯಾರೂ ಹೊಣೆ ಇರುವುದಿಲ್ಲ.

ಕೇಳಬೇಕಾದ ಕಾಗದ ಎರಡೇ: ಮಹಾನಗರ ಪಾಲಿಕೆಗೆ ಆಸ್ತಿ ತೆರಿಗೆ ಕಟ್ಟಿದ ಇತ್ತೀಚಿನ ರಸೀದಿ, ಮತ್ತು ಹೆಸ್ಕಾಂನ ವಿದ್ಯುತ್ ಬಿಲ್ಲು. ಎರಡರಲ್ಲೂ ಯಾರ ಹೆಸರಿದೆ ನೋಡಿ. ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇರುವುದು ಪೇಟೆಯಲ್ಲಿ ಮಾಮೂಲು. ಹಾಗಿದ್ದರೆ ವಾರಸುದಾರರು ಎಷ್ಟು ಜನ ಅಂತ ಕೇಳಿ, ಕರಾರಿನಲ್ಲಿ ಅವರೆಲ್ಲರ ಸಹಿ ಹಾಕಿಸಿ. "ಅದೆಲ್ಲ ಯಾಕ್ರೀ, ನಾವು ಇಲ್ಲೇ ಇರೋರು" ಅಂದರೆ ನಗುತ್ತಲೇ, "ಹೌದ್ರೀ ಅಣ್ಣಾರ, ಆದ್ರ ಆಫೀಸಿನಾಗ ಕೇಳ್ತಾರ" ಅನ್ನಿ. ಜಗಳ ಇಲ್ಲದೆ ಕೆಲಸ ಆಗುತ್ತದೆ.

ಲೀಸ್ ಮನೆ ಅಂದರೆ ಇನ್ನೂ ಹುಷಾರು. ಲೀಸ್, ಅಂದರೆ ಭೋಗ್ಯ: ದೊಡ್ಡ ಮೊತ್ತ ಒಮ್ಮೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಕೆಲವು ವರ್ಷ ಇರುವುದು, ಬಿಡುವಾಗ ಮೊತ್ತ ವಾಪಸ್. ಕೊಡುವ ಮುಂಚೆ ಋಣಭಾರ ಪತ್ರ ತೆಗೆಸಿ. ಜನ ಇದನ್ನು ಇ.ಸಿ. ಅನ್ನುತ್ತಾರೆ. ಆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಅಡಮಾನ ಇದೆಯಾ ಎಂದು ಅದರಲ್ಲಿ ಇರುತ್ತದೆ. ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಉಪನೋಂದಣಿ ಕಚೇರಿಗೆ ಹೋಗಬಹುದು. ಬ್ಯಾಂಕಿಗೆ ಅಡ ಇಟ್ಟ ಮನೆಯನ್ನು ಲೀಸಿಗೆ ಹಾಕಿಕೊಂಡರೆ, ಮಾಲಕರು ಕಂತು ಕಟ್ಟದ ದಿನ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರುತ್ತಾರೆ.

5. ಮೀಟರ್ ಯಾವ ಥರದ್ದು?

ಪೇಟೆಯ ಮನೆಗಳಲ್ಲಿ ಅತಿ ಹೆಚ್ಚು ಜನ ಬೀಳುವ ಹೊಂಡ ಇದು.

ಅಂಗಡಿ ಮೇಲಿನ ಮನೆಗೆ ಎಷ್ಟೋ ಸಲ ಬೇರೆ ಮೀಟರ್ ಇರುವುದಿಲ್ಲ. ಅಂಗಡಿಯ ಮೀಟರಿನಿಂದಲೇ ಮೇಲಕ್ಕೆ ವೈರ್ ಎಳೆದು, ಒಂದು ಸಬ್ ಮೀಟರ್ ಹಾಕಿರುತ್ತಾರೆ. ಅಂದರೆ ನೀವು ಮನೆಯಲ್ಲಿ ಫ್ಯಾನ್ ಹಾಕಿದರೂ ಲೆಕ್ಕ ವಾಣಿಜ್ಯ ದರದಲ್ಲಿ. ವಾಣಿಜ್ಯ ಸಂಪರ್ಕದ ಬಿಲ್ಲಿನಲ್ಲಿ ದರದ ವರ್ಗ ಎಲ್‌ಟಿ-3 ಎಂದಿರುತ್ತದೆ.

ಇದರಿಂದ ನಷ್ಟ ಎರಡು. ಯೂನಿಟ್ ದರ ಜಾಸ್ತಿ. ಜೊತೆಗೆ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಸಿಗುವುದಿಲ್ಲ. 2023ರಲ್ಲಿ ಶುರುವಾದ ಈ ಯೋಜನೆ ಗೃಹ ಬಳಕೆಯ ಸಂಪರ್ಕಕ್ಕೆ ಮಾತ್ರ. ಬಾಡಿಗೆ ಮನೆಯವರೂ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ನಿಗದಿಯಾಗುತ್ತದೆ. ಅದರೊಳಗೆ ಇದ್ದರೆ ಬಿಲ್ಲು ಸೊನ್ನೆ. ಮಿತಿ ದಾಟಿ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಹಾಗಾಗಿ ಮನೆ ಒಪ್ಪುವ ಮುಂಚೆ ಹೀಗೆ ಮಾಡಿ. ಮನೆಯ ಸ್ವಂತ ಮೀಟರ್ ಯಾವುದು ತೋರಿಸಿ ಅನ್ನಿ. ಅದರ ಆರ್.ಆರ್. ನಂಬರನ್ನು, ಅಂದರೆ ಹೆಸ್ಕಾಂ ಆ ಸಂಪರ್ಕಕ್ಕೆ ಕೊಟ್ಟ ಗುರುತಿನ ಸಂಖ್ಯೆಯನ್ನು, ಬಿಲ್ಲಿನ ಜೊತೆ ಹೋಲಿಸಿ. ಬಿಲ್ಲಿನಲ್ಲಿ ಹಳೆ ಬಾಕಿ ಇದೆಯಾ ನೋಡಿ. ಹಿಂದಿನ ಬಾಡಿಗೆದಾರರ ಆಧಾರ್ ಆ ಸಂಖ್ಯೆಗೆ ಇನ್ನೂ ಜೋಡಣೆಯಾಗಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಅವರು ಡಿ-ಲಿಂಕ್ ಮಾಡಬೇಕು, ಅಂದರೆ ಜೋಡಣೆ ಬಿಡಿಸಬೇಕು. ಈ ಕೆಲಸವನ್ನು ಮಾಲಕರ ತಲೆಗೆ ಕಟ್ಟಿ, ಮುಂಗಡ ಕೊಡುವ ಮೊದಲೇ ಮಾಡಿಸಿ. ಮುಂಗಡ ಕೈ ಸೇರಿದ ಮೇಲೆ ಫೋನ್ ಎತ್ತುವುದು ನಿಧಾನವಾಗುತ್ತದೆ, ಗೊತ್ತಲ್ವಾ?

ಸಬ್ ಮೀಟರ್ ಮನೆಯೇ ಬೇಕು ಅನ್ನುವ ಹಾಗಿದ್ದರೆ ಯೂನಿಟ್ಟಿಗೆ ಎಷ್ಟು ಅಂತ ಕರಾರಿನಲ್ಲಿ ಬರೆಸಿ. ಬಾಯಿಮಾತು ಬೇಡ. ವೈರಿಂಗ್ ಹಳೆಯದಾಗಿದ್ದರೆ ಗೀಸರ್ ತಡೆಯುತ್ತದಾ ಅಂತ ಒಬ್ಬ ವಾಯರ್‌ಮನ್‌ಗೆ ತೋರಿಸಿ. ಕರೆಂಟಿನ ದೂರಿಗೆ ನಂಬರ್ 1912.

6. ನಳದ ನೀರು

"ನೀರು ಇದೆಯಾ?" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಪ್ರಶ್ನೆ ಹೀಗಿರಬೇಕು: ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಮೇಲಿನ ಮಹಡಿಗೆ ಏರುತ್ತದಾ?

ಬೆಳಗಾವಿಗೆ ನೀರು ಬರುವುದು ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದ ಮತ್ತು ಘಟಪ್ರಭೆಯ ಹಿಡಕಲ್ ಜಲಾಶಯದಿಂದ. ನಗರದ 10 ವಾರ್ಡುಗಳಲ್ಲಿ 24 ಗಂಟೆ ನೀರಿನ ಯೋಜನೆ ಬಹಳ ಹಿಂದೆಯೇ ಜಾರಿಗೆ ಬಂತು. ಉಳಿದ ಕಡೆ ಸರದಿ. ಒಂದೇ ರಸ್ತೆಯ ಈ ಬದಿಗೆ ದಿನವಿಡೀ ನೀರು, ಆ ಬದಿಗೆ ಸರದಿ ಇರುವುದೂ ಉಂಟು. ಏಜೆಂಟರ ಮಾತು ಬಿಡಿ, ಎದುರು ಮನೆಯ ಅಕ್ಕನನ್ನು ಕೇಳಿ. ನೀರು ತುಂಬುವವರಿಗಷ್ಟೇ ಸತ್ಯ ಗೊತ್ತಿರುತ್ತದೆ.

ಮಳೆ ಬರುವ ಮುಂಚೆ, ಮೇ ಕೊನೆ ಮತ್ತು ಜೂನ್ ಶುರುವಿನಲ್ಲಿ ರಾಕಸಕೊಪ್ಪದ ಮಟ್ಟ ಇಳಿಯುತ್ತದೆ, ಸರದಿ ಉದ್ದವಾಗುತ್ತದೆ. ಆ ದಿನಗಳಿಗೆ ಸಾಲುವಷ್ಟು ದೊಡ್ಡ ಟಾಕಿ ಇರಬೇಕು. ಹಲವು ಹಳೆ ಮನೆಗಳ ಹಿತ್ತಲಲ್ಲಿ ಬಾವಿ ಇದೆ. ಬಳಸಲು ಬಿಡುತ್ತಾರಾ ಕೇಳಿ. ಬಟ್ಟೆ, ಪಾತ್ರೆಗೆ ಅದು ದೊಡ್ಡ ಆಸರೆ.

ಸಂಡಾಸ ಮನೆಯೊಳಗೇ ಇದೆಯಾ, ನಾಲ್ಕು ಮನೆಗೆ ಸೇರಿ ಒಂದಾ? ಕೇಳಲು ಸಂಕೋಚ ಬೇಡ.

7. ಮಳೆಗಾಲವನ್ನು ಮನಸ್ಸಿನಲ್ಲಿಟ್ಟು ಗೋಡೆ ನೋಡಿ

ವಿಜಯಪುರ, ಬಾಗಲಕೋಟೆಯ ಕಡೆಯಿಂದ ಬಂದವರಿಗೆ ಬೆಳಗಾವಿಯ ಮಳೆ ಹೊಸದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜುಲೈಯಲ್ಲಿ, ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಪೇಟೆಯ ಮನೆಗಳ ಗೋಡೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗಾಳಿ ಬೆಳಕು ಕಡಿಮೆ. ತೇವ ಹಿಡಿದ ಗೋಡೆ, ಬಟ್ಟೆಗೆ ಬೂಷ್ಟು, ಒಣಗದ ಬಟ್ಟೆಯ ವಾಸನೆ, ಮಕ್ಕಳಿಗೆ ಕೆಮ್ಮು.

ಬೇಸಿಗೆಯಲ್ಲಿ ಮನೆ ನೋಡುತ್ತಿದ್ದರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಗೋಡೆಯ ಬುಡಕ್ಕೆ, ಛಾವಣಿಯ ಮೂಲೆಗೆ ಕೈ ಇಟ್ಟು ನೋಡಿ. ಬಣ್ಣ ಉಬ್ಬಿದ್ದರೆ, ಉಪ್ಪಿನ ಹಾಗೆ ಬಿಳಿ ಪುಡಿ ಉದುರಿದರೆ ಒಳಗೆ ನೀರು ಇಳಿಯುತ್ತಿದೆ ಎಂದರ್ಥ. ಹಂಚಿನ ಮನೆ ಆದರೆ ಮಳೆಗೆ ಮುಂಚೆ ಹಂಚು ತಿರುವಿ ಹಾಕಿಸುವುದು, ಅಂದರೆ ಒಡೆದದ್ದನ್ನು ತೆಗೆದು ಜೋಡಿಸುವುದು, ಯಾರ ಖರ್ಚು ಅಂತ ಮಾತಾಡಿಕೊಳ್ಳಿ. ಬಟ್ಟೆ ಒಣಗಿಸಲು ಮೇಲ್ಛಾವಣಿ ಇರುವ ಜಾಗ ಬೇಕೇ ಬೇಕು.

ನೆಲಮಹಡಿಯ ಮನೆಯಾದರೆ ಇನ್ನೊಂದು ಮಾತು ಕೇಳಿ: 2019ರ ಆಗಸ್ಟ್ ಮಳೆಗೆ ಒಳಗೆ ನೀರು ಬಂದಿತ್ತಾ? ಆ ವರ್ಷದ ಮಳೆ ಊರಿನಲ್ಲಿ ಎಲ್ಲರಿಗೂ ನೆನಪಿದೆ, ಸುಳ್ಳು ಹೇಳುವುದು ಕಷ್ಟ.

8. ಕರಾರು

ಸಾಮಾನ್ಯವಾಗಿ 11 ತಿಂಗಳ ಕರಾರು ಮಾಡುತ್ತಾರೆ. ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಅನ್ನುತ್ತದೆ ನೋಂದಣಿ ಕಾಯ್ದೆ. ಅದನ್ನು ತಪ್ಪಿಸಲು ಈ 11. ಇ-ಸ್ಟಾಂಪ್ ಕಾಗದದಲ್ಲಿ ಮಾಡಿಸಿ, ಇಬ್ಬರ ಬಳಿಯೂ ಪ್ರತಿ ಇರಲಿ. ಓದಲು ಬರುವ ಭಾಷೆಯಲ್ಲಿ ಬರೆಸಿ. ಮಾಲಕರು ಮರಾಠಿ ಮಾತಾಡುವವರು, ನೀವು ಕನ್ನಡದವರು, ಕರಾರು ಇಬ್ಬರಿಗೂ ತಿಳಿಯದ ವಕೀಲರ ಇಂಗ್ಲಿಷಿನಲ್ಲಿ. ಹೀಗಾಗುವುದೇ ಜಾಸ್ತಿ. ಸಹಿಗೆ ಮುಂಚೆ ಒಂದೊಂದು ಸಾಲಿನ ಅರ್ಥ ಕೇಳಿ.

ಬಾಡಿಗೆ, ಡಿಪಾಜಿಟ್ ಎಲ್ಲರೂ ಬರೆಸುತ್ತಾರೆ. ಮರೆಯುವ ಸಂಗತಿಗಳು ಇವು: ನೀರಿನ ಬಿಲ್ಲು ಯಾರದು, ಬಿಡುವಾಗ ಬಣ್ಣದ ಖರ್ಚು ಎಂದು ಎಷ್ಟು ಹಿಡಿಯುತ್ತಾರೆ, ಎಷ್ಟು ತಿಂಗಳ ಮುಂಚೆ ಹೇಳಬೇಕು, ಡಿಪಾಜಿಟ್ ಎಷ್ಟು ದಿನದಲ್ಲಿ ವಾಪಸ್. ಮಾಂಸಾಹಾರ, ನೆಂಟರು ಬಂದು ಇರುವುದು, ರಾತ್ರಿ ಬಾಗಿಲು ಹಾಕುವ ಹೊತ್ತು, ಇವನ್ನೂ ಮೊದಲೇ ಬಾಯಿಬಿಟ್ಟು ಕೇಳಿಬಿಡಿ. ಮನಸ್ಸಿಗೆ ಒಪ್ಪದ ಷರತ್ತಿದ್ದರೆ ಅಲ್ಲೇ ನಮಸ್ಕಾರ ಹೇಳಿ.

ಡಿಪಾಜಿಟ್ ಬ್ಯಾಂಕ್ ಮೂಲಕವೇ ಕೊಡಿ. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಬರುತ್ತಿದ್ದು, ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಪ್ರತಿ ತಿಂಗಳ ರಸೀದಿ ಇಟ್ಟುಕೊಳ್ಳಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲಕರ ಪ್ಯಾನ್ ನಂಬರ್ ಕೂಡ ಬೇಕಾಗುತ್ತದೆ. ಮಾರ್ಚಿನಲ್ಲಿ ಕೇಳಿದರೆ ಮುಖ ಗಂಟಿಕ್ಕುತ್ತಾರೆ.

9. ಸಾಮಾನು ತರುವ ದಿನ

ಟೆಂಪೋ ಬೆಳಿಗ್ಗೆ ಏಳಕ್ಕೆ ಮುಂಚೆ ಅಥವಾ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬರಲಿ. ಮೆಟ್ಟಿಲಿನ ಅಗಲ ಅಳೆದುಕೊಂಡು ಹೋಗಿ. ಗಾಡ್ರೇಜ್ ಕಪಾಟು, ಮಂಚ ತಿರುವಿನಲ್ಲಿ ಸಿಕ್ಕಿಕೊಂಡರೆ ಕಿಟಕಿಯಿಂದ ಹಗ್ಗ ಕಟ್ಟಿ ಏರಿಸಬೇಕಾಗುತ್ತದೆ, ಹಮಾಲಿ ಎರಡು ಪಟ್ಟು. ಗಣೇಶ ಹಬ್ಬದ ಹನ್ನೊಂದು ದಿನ ಮತ್ತು ರಾಜ್ಯೋತ್ಸವದ ಹಿಂದು ಮುಂದಿನ ದಿನ ಮನೆ ಬದಲಿಸುವ ಯೋಚನೆಯೇ ಬೇಡ. ಡಿಸೆಂಬರ್ ಹೊತ್ತಿಗೆ ಬೆಳಗಾವಿಯಲ್ಲಿ ಅಧಿವೇಶನ ನಡೆಯುವಾಗ ಲಾಡ್ಜುಗಳು ತುಂಬಿರುತ್ತವೆ. ಮನೆ ಸಿಗುವವರೆಗೆ ಲಾಡ್ಜಿನಲ್ಲಿರೋಣ ಅನ್ನುವವರು ಆ ವಾರಗಳನ್ನು ಬಿಟ್ಟು ಬನ್ನಿ.

ಬೀಗದ ಕೈ ತೆಗೆದುಕೊಂಡ ದಿನವೇ ಮೀಟರ್ ಅಂಕಿ, ಗೋಡೆ, ನಳ, ಬಾಗಿಲುಗಳ ಫೋಟೋ ತೆಗೆದು ಮಾಲಕರಿಗೆ ವಾಟ್ಸಾಪ್ ಮಾಡಿ.

10. ಹಬ್ಬ, ಮೆರವಣಿಗೆ, ಸದ್ದು

ಬೆಳಗಾವಿಯ ಗಣೇಶ ವಿಸರ್ಜನೆ ಮೆರವಣಿಗೆ ರಾತ್ರಿಯಿಡೀ ನಡೆದು ಮರುದಿನದವರೆಗೂ ಹೋಗುತ್ತದೆ. ರಾಮದೇವ ಗಲ್ಲಿ, ಸಮಾದೇವಿ ಗಲ್ಲಿಯ ಕಡೆಯಿಂದ ಸಾಗಿ ಕಪಿಲೇಶ್ವರ ಹೊಂಡಕ್ಕೆ ಸೇರುವ ಹಾದಿಯಲ್ಲಿ ನಿಮ್ಮ ಮನೆ ಇದ್ದರೆ ಅಂದು ನಿದ್ದೆ ಇಲ್ಲ. ಕಿಟಕಿಯಲ್ಲಿ ಕೂತು ನೋಡುವ ಭಾಗ್ಯ ಅಂತ ಎಷ್ಟೋ ಜನ ನೆಂಟರನ್ನೇ ಕರೆಸಿಕೊಳ್ಳುತ್ತಾರೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಚನ್ನಮ್ಮ ವೃತ್ತ, ಶಿವಜಯಂತಿಗೆ ಚಿತ್ರರಥಗಳು. ಆ ದಿನಗಳಲ್ಲಿ ರಸ್ತೆ ಬಂದ್ ಇರುತ್ತದೆ, ಹಾಲು, ಔಷಧಿ ಹಿಂದಿನ ದಿನವೇ ತಂದಿಡಿ. ಹಸುಗೂಸು, ಹೃದ್ರೋಗಿಗಳಿದ್ದರೆ ಆ ರಾತ್ರಿ ಬೇರೆ ಕಡೆ ಮಲಗುವುದು ಒಳ್ಳೆಯದು.

ಉಳಿದ ದಿನಗಳ ಕಾನೂನು ಹೀಗಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆ ವರ್ಷಕ್ಕೆ 15 ದಿನದವರೆಗೆ ಮಧ್ಯರಾತ್ರಿ ತನಕ ಸರ್ಕಾರ ವಿನಾಯಿತಿ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಪೇಟೆಯವರಿಗೆ ಅನ್ವಯ ಆಗುವುದು ಎರಡನೆಯದು. ಬಡಾವಣೆಯ ಶಾಂತಿಯನ್ನು ಕಾನೂನೂ ನಿಮಗೆ ಕೊಡುವುದಿಲ್ಲ! ಮಿತಿ ಮೀರಿದರೆ 112ಕ್ಕೆ ಕರೆ ಮಾಡಿ. ಅದಕ್ಕೂ ಮೊದಲು ಗಲ್ಲಿಯ ಗಣೇಶ ಮಂಡಳದ ಹುಡುಗರ ಪರಿಚಯ ಮಾಡಿಕೊಂಡಿರಿ. ಹಬ್ಬಕ್ಕೆ ಪಟ್ಟಿ, ಅಂದರೆ ವಂತಿಗೆ, ಕೇಳಲು ಬಂದಾಗ ಕೈಲಾದಷ್ಟು ಕೊಡಿ. ಮನೆಯಲ್ಲಿ ಕಾಯಿಲೆಯವರಿದ್ದಾರೆ ಅಂದರೆ ನಿಮ್ಮ ಕಿಟಕಿಯ ಕಡೆ ಮುಖ ಮಾಡಿದ ಸ್ಪೀಕರನ್ನು ಬೇರೆ ಕಡೆ ತಿರುಗಿಸುವುದು ಅವರೇ.

11. ಮನೆ ಬಿಡುವಾಗ

ಕರಾರಿನಲ್ಲಿ ಹೇಳಿದಷ್ಟು ಮುಂಚೆ ಬರವಣಿಗೆಯಲ್ಲಿ ತಿಳಿಸಿ, ವಾಟ್ಸಾಪ್ ಸಂದೇಶವಾದರೂ ಇರಲಿ. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಡಿಪಾಜಿಟ್ಟಿನಲ್ಲೇ ಮುರಿದುಕೊಳ್ಳಿ ಅಂತ ಕೇಳುವುದು ರೂಢಿ. ಮಾಲಕರು ಒಪ್ಪಿದರೆ ನಿಮಗೇ ಅನುಕೂಲ. ಕೊನೆಯ ಮೀಟರ್ ಅಂಕಿಯ ಫೋಟೋ ತೆಗೆಯಿರಿ, ಬಂದಾಗ ತೆಗೆದ ಫೋಟೋಗಳ ಜೊತೆ ಮಾಲಕರ ಎದುರಿಗೇ ಮನೆ ಸುತ್ತಿ ತೋರಿಸಿ. ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಸಿಗುವುದಿಲ್ಲ. ಗ್ಯಾಸ್ ಪುಸ್ತಕದ ವಿಳಾಸ ಬದಲಿಸಿ. ಬೇರೆ ಊರಿಗೆ ಹೋಗುವುದಾದರೆ ಸಿಲಿಂಡರ್ ಮರಳಿಸಿ ವರ್ಗಾವಣೆ ಚೀಟಿ ತೆಗೆದುಕೊಳ್ಳಿ. ಡಿಪಾಜಿಟ್ ಖಾತೆಗೆ ಬಂದ ಮೇಲೆ ಬೀಗದ ಕೈ ಕೊಡಿ.